ಆಷಾಢದ ಸರ್ವೆ

ತಿಥಿಯೂಟ ಮುಗಿಸಿ ನೆಂಟರೆಲ್ಲ ಊರಿನ ದಾರಿ ಹಿಡಿದ ಮಾರನೆಯ ಬೆಳಿಗ್ಗೆ ಅನುಸೂಯಳ ಬಾಗಿಲು ಬಡಿದವಳು ಪಕ್ಕದ ಮನೆಯ ಶಾಹಿಸ್ತಾ.

"ಏಳ್ರೀ ಅನು, ನಲ್ಲೀಲಿ ನೀರು ಬಂತು. ಈಗ ಹಿಡೀಲಿಲ್ಲ ಅಂದ್ರೆ ಇನ್ಯಾವತ್ತು ಬಿಡ್ತಾರೋ ಆ ಮುನ್ಸಿಪಾಲ್ಟಿಯೋರಿಗೇ ಗೊತ್ತು."

ಸಾವಿನ ಮನೆಗೆ ಬಂದವರೆಲ್ಲ ಅಲ್ಲಿಯವರೆಗೆ ಪಿಸುದನಿಯಲ್ಲೇ ಮಾತಾಡಿದ್ದರು. ಒಬ್ಬರು ಮಾಮೂಲಿನಂತೆ ಗಂಟಲೆತ್ತಿ ಕೂಗಿದ್ದು ಹಿತವೆನಿಸಿತು. ಅನುಸೂಯ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡ ಹಿಡಿದಳು. ಚಿತ್ರದುರ್ಗದ ಆ ಓಣಿಯಲ್ಲಿ ನೀರು ಬಂದ ಬೆಳಿಗ್ಗೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೊಡದ ಬಾಯನ್ನೇ ನೋಡುತ್ತಾರೆ. ಅದೂ ಒಳ್ಳೆಯದೇ ಆಯಿತು.

"ನಿಮ್ಮ ದೊಡ್ಡಮ್ಮ ಹೊರಟ್ರಾ?" ಶಾಹಿಸ್ತಾ ಪೈಪು ಬದಲಿಸುತ್ತ ಕೇಳಿದಳು. "ಆಯಮ್ಮನ ಗೊರಕೆ ನಮ್ಮ ಗೋಡೆ ದಾಟಿ ಬರ್ತಿತ್ತು ಕಣ್ರೀ. ಬಾಗಿಲಲ್ಲಿ ಲಾರಿ ನಿಂತೈತೆ ಅಂತ ನಮ್ಮೋರು ಎದ್ದು ಹೋಗಿ ನೋಡ್ಕೊಂಡು ಬಂದ್ರು."

ಅನುಸೂಯಳಿಗೆ ನಗು ಬಂತು. ಬಂದದ್ದಕ್ಕೆ ಗಾಬರಿಯೂ ಆಯಿತು. ಶಾಹಿಸ್ತಾ ಮಾತ್ರ ಏನೂ ನೋಡದವಳ ಹಾಗೆ ತುಂಬಿದ ಕೊಡವನ್ನು ಅವಳ ಹೊಸ್ತಿಲೊಳಗೆ ಇಟ್ಟು ಹೋದಳು.

ಅನುಸೂಯಳ ಗಂಡ ಎರ್ರಿಸ್ವಾಮಿ ಸತ್ತದ್ದು ಐಮಂಗಲದ ಹತ್ತಿರ, ಹೆದ್ದಾರಿಯಲ್ಲಿ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಬೈಕಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಕಾಲೇಜಿನಲ್ಲಿ ಪರಿಸರ ವಿಜ್ಞಾನ ಪಾಠ ಮಾಡುತ್ತಿದ್ದ. ತೋಳಗಳ ಮೇಲೆ ಪಿಎಚ್.ಡಿ. ಮಾಡಿದ್ದ. ತೋಳ ನೋಡಲು ಹೊರಟಿದ್ದಾಗಲೇ ಜೀವ ಬಿಟ್ಟ ಎಂದು ವಿದ್ಯಾರ್ಥಿಗಳು ಬ್ಯಾನರ್ ಬರೆಸಿದರು. ಸ್ಥಳೀಯ ಪತ್ರಿಕೆಯಲ್ಲೂ ಹಾಗೇ ಬಂತು. ಅನುಸೂಯ ಆ ಒಂದು ಮಾತನ್ನು ಹಿಡಿದುಕೊಂಡೇ ಅಷ್ಟೂ ದಿನ ದೂಡಿದ್ದಳು. ಇಷ್ಟಪಟ್ಟ ಕೆಲಸದ ದಾರಿಯಲ್ಲೇ ಹೋದ ಎನ್ನುವುದು ಸಮಾಧಾನವಲ್ಲ. ಆದರೆ ಸಮಾಧಾನದ ಜಾಗದಲ್ಲಿ ಇಟ್ಟುಕೊಳ್ಳಲು ಬೇರೇನೂ ಇರಲಿಲ್ಲ.

ಇಬ್ಬರೂ ಎಂ.ಎಸ್ಸಿ.ಯಲ್ಲಿ ಒಂದೇ ತರಗತಿ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಆಚೆ ಇರುವ ಕರಿಬೋರೆ ಕಾವಲೆಂಬ ಹುಲ್ಲುಬಯಲಿಗೆ ಇಬ್ಬರೂ ಒಟ್ಟಿಗೇ ಕಾಲಿಟ್ಟಿದ್ದರು. ಅವನು ತೋಳ ಹಿಡಿದ, ಅವಳು ಹುಲ್ಲು ಹಿಡಿದಳು. ಆ ಕಾವಲಿನಲ್ಲಿ ಎಷ್ಟು ಬಗೆಯ ಹುಲ್ಲು, ಯಾವುದು ಯಾವ ಮಳೆಗೆ ಮೊಳೆಯುತ್ತದೆ, ದನ ಯಾವುದನ್ನು ಮೊದಲು ಮುಟ್ಟುತ್ತದೆ ಎಂಬುದು ಅವಳ ಪಿಎಚ್.ಡಿ. ಮದುವೆಯಾಯಿತು. ಅವನದು ಮುಗಿಯಿತು, ಅವಳದು ನಿಂತಿತು. ಯಾರೂ ನಿಲ್ಲಿಸಲಿಲ್ಲ. ಅವನ ಪಾಠದ ಟಿಪ್ಪಣಿ, ಅವನ ಲೇಖನಗಳ ನಕಾಶೆ, ಅವನ ಸೆಮಿನಾರಿನ ಚಿತ್ರಗಳು ಅಂತ ಒಂದೊಂದಾಗಿ ಅವಳ ಮೇಜಿಗೆ ಬಂದವು. ಹುಲ್ಲು ಕಾಯಬಲ್ಲದು ಎಂದುಕೊಂಡಳು.

ಕಾವಲನ್ನು ತೋಳಗಳ ಸಂರಕ್ಷಿತ ಜಾಗ ಎಂದು ಘೋಷಿಸಬೇಕೆಂಬುದು ಇಬ್ಬರದೂ ಆಸೆ. ಮನವಿ ಬರೆದವಳು ಅವಳು, ಸಹಿ ಅವನದು. "ಫೈಲು ಬೆಂಗಳೂರಲ್ಲಿ ಐತೆ, ಓಡ್ತಾ ಐತೆ" ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

ತೋಳ ಮರಿ ಹಾಕುವ ಬಿಲ ಎಲ್ಲಿದೆ ಎಂದು ಮಾತ್ರ ಅವಳಿಗೂ ತೋರಿಸಿರಲಿಲ್ಲ. "ಕಾವಲಿನ ಕುರಿ ಹಟ್ಟಿಯೋರಿಗೆ ಮಾತು ಕೊಟ್ಟಿದೀನಿ ಕಣೇ. ಜಾಗ ಯಾರಿಗೂ ಹೇಳಬಾರ್ದು. ಹೆಂಡ್ತಿಗೂ." ಅಲ್ಲಿ ಕ್ಯಾಮೆರಾ ಕೂಡ ಕಟ್ಟಿರಲಿಲ್ಲ. ಹಿಂದೊಮ್ಮೆ ಯಾರೋ ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನೆಲ್ಲ ಕೊಂದಿದ್ದರು. ಹಾಗಾಗಿ ಅವನ ಆ ಬಿಗಿಯನ್ನು ಕಂಡು ಅವಳಿಗೆ ಹೆಮ್ಮೆಯೇ ಆಗಿತ್ತು.

ನೀರು ತುಂಬಿ, ಒಂದು ಲೋಟ ಅಕ್ಕಿ ಒಬ್ಬಳಿಗೆ ಹೆಚ್ಚಾಯಿತೆಂದು ಅರ್ಧ ಡಬ್ಬಿಗೆ ಸುರಿದು, ಉಳಿದದ್ದನ್ನು ಒಲೆಗಿಟ್ಟ ಹೊತ್ತಿಗೆ ಓಬಳೇಶಪ್ಪ ಬಂದರು. ಎರ್ರಿಸ್ವಾಮಿಯ ವಿಭಾಗದ ಮುಖ್ಯಸ್ಥರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಹಾರ ಹಾಕಿದ ಫೋಟೋ ನೋಡಿ ನಿಟ್ಟುಸಿರುಬಿಟ್ಟರು.

"ನೋಡಮ್ಮ, ನಿನಗೊಂದು ಮಾತು ಹೇಳಿ ಹೋಗಾಣ ಅಂತ ಬಂದೆ. ನಮ್ಮ ವಿಭಾಗದ ಹಿಂದೆ ಹೊಸ ಅಧ್ಯಯನ ಕೇಂದ್ರ ಏಳ್ತಾ ಐತಲ್ಲ, ಅದಕ್ಕೆ ಎರ್ರಿಸ್ವಾಮಿ ಹೆಸರೇ ಇಡಾಣ ಅಂತ ತೀರ್ಮಾನ ಆಗೈತೆ. ಕಂಪನಿಯೋರೂ ಒಪ್ಪಿದಾರೆ."

"ಯಾವ ಕಂಪನಿ ಸರ್?"

ಓಬಳೇಶಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವನು ನಿನಗೆ ಹೇಳಿರಲಿಲ್ವಾ? ಕರಿಬೋರೆ ಕಾವಲಿಗೆ ಸೋಲಾರ್ ಬರ್ತಾ ಐತಲ್ಲ, ಆ ಕಂಪನಿ. ಕೇಂದ್ರ ಕಟ್ಟಿಸಿಕೊಡ್ತಿರೋದು ಅವರೇ. ನಿರ್ದೇಶಕ ಇವನೇ ಆಗ್ಬೇಕಿತ್ತು. ಹಣೇಲಿ ಬರೀಲಿಲ್ಲ."

"ಕಾವಲಲ್ಲಿ ತೋಳ ಅವೆ ಸರ್."

"ಇಲ್ಲಮ್ಮ. ಮರಿ ಹಾಕೋ ಜಾಗ ಇದ್ದಿದ್ರೆ ಜಮೀನು ಕೊಡಾಕೆ ಆಗ್ತಿರಲಿಲ್ಲ, ಅದು ಸರಿ. ಇಲ್ಲ ಅಂತ ವರದಿ ಕೊಟ್ಟಿರೋನು ಎರ್ರಿಸ್ವಾಮಿನೇ. ಆಷಾಢದಲ್ಲಿ ಪೂರಾ ಕಾವಲು ತಿರುಗಿ, ಒಂದು ಕಲ್ಲೂ ಬಿಡದಂಗೆ ಸರ್ವೆ ಮಾಡಿ ಕೊಟ್ಟಿದ್ದಾನೆ."

"ಆಷಾಢದಲ್ಲಾ?"

"ಹೂಂ, ಆಷಾಢದಲ್ಲೇ. ಆ ಗಾಳೀಲಿ ಸುತ್ತಿದ್ದಾನೆ ಪಾಪ."

ಓಬಳೇಶಪ್ಪ ಕೆರೆಯ ಪಾಚಿಯ ಮೇಲೆ ಪಿಎಚ್.ಡಿ. ಮಾಡಿದವರು. ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅನುಸೂಯಳಿಗೆ ಗೊತ್ತಿತ್ತು. ಈ ಸೀಮೆಯಲ್ಲಿ ತೋಳ ಮರಿ ಹಾಕುವುದು ಚಳಿ ಬಿದ್ದಮೇಲೆ. ಬೇಸಿಗೆ ಏರುವ ಹೊತ್ತಿಗೆ ಮರಿಗಳು ಬಿಲ ಬಿಟ್ಟು ತಾಯಿಯ ಹಿಂದೆ ಓಡಾಡುತ್ತವೆ. ಆಷಾಢದಲ್ಲಿ ಆ ಬಿಲ ಬರೀ ತೂತು, ಬಾಯಿಗೆ ಜೇಡರ ಬಲೆ. ಕಾರ್ತಿಕದಲ್ಲಿ ಮಾವಿನ ಮರದ ಕೆಳಗೆ ನಿಂತು, ಇದು ಹಣ್ಣು ಬಿಡುವ ಮರವಲ್ಲ ಎಂದು ಬರೆದುಕೊಟ್ಟ ಹಾಗೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಬರೆದವನು ಸುಳ್ಳ. ತೋಳ ಬಲ್ಲವನಿಗೆ ಮಾತ್ರ ಹೇಳಲು ಬರುವ ಸುಳ್ಳು ಅದು.

ಆಷಾಢದಲ್ಲಿ ಅವನು ದಾವಣಗೆರೆಗೆ ಮೌಲ್ಯಮಾಪನಕ್ಕೆ ಹೋಗಿದ್ದ. ಹಾಗೆಂದು ಹೇಳಿ ಹೋಗಿದ್ದ. ಅವಳು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಬಂದಾಗ ಬೂಟಿಗೆ ಕೆಮ್ಮಣ್ಣು ಮೆತ್ತಿತ್ತು. ಉತ್ತರಪತ್ರಿಕೆ ತಿದ್ದುವ ಕೋಣೆಯಲ್ಲಿ ಕೆಮ್ಮಣ್ಣು ಎಲ್ಲಿಂದ ಬಂತೆಂದು ಕೇಳದೆ, ಹಿತ್ತಲಲ್ಲಿ ಕೂತು ಕಡ್ಡಿಯಲ್ಲಿ ಕೆರೆದು ತೊಳೆದಿಟ್ಟವಳು ಅವಳೇ.

"ಹಟ್ಟಿಯೋರೂ ಅದೇ ಅಂದ್ರಂತೆ," ಓಬಳೇಶಪ್ಪ ಮುಂದುವರಿಸಿದರು, "ತೋಳ ನಾವು ಕಂಡೇ ಇಲ್ಲ ಅಂತ. ಅದೂ ವರದೀಲಿ ಐತೆ. ಸೋಮವಾರ ಮತ್ತೋಡಲ್ಲಿ ತಹಶೀಲ್ದಾರರು ಸಭೆ ಇಟ್ಟಿದಾರೆ. ಜನರನ್ನ ಒಂದು ಸಲ ಕೇಳಿ, ಆಮೇಲೆ ಜಮೀನು ಕೊಡೋದು. ನೀನೂ ಬಂದು ಕೂತ್ಕೋ. ಅವನ ಹೆಂಡ್ತಿ ಬಂದಿದಾಳೆ ಅಂದ್ರೆ ಒಂದು ಗೌರವ. ಆಮೇಲೆ ಅವನ ಕ್ಲಾಸುಗಳನ್ನ ನೀನೇ ತಗೊಳ್ಳೋದಕ್ಕೆ ನಾನು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ."

ಅವರು ಹೋದಮೇಲೆ ಅನ್ನ ಸೀದ ವಾಸನೆ ಬಂತು. ಒಲೆ ಆರಿಸಿದಳು. ಅಳು ಬರಬಹುದೆಂದು ಅಲ್ಲೇ ನಿಂತಳು, ಬರಲಿಲ್ಲ. ಅವಳಿಗೆ ಅರ್ಥವಾಗದೆ ಉಳಿದದ್ದು ಒಂದೇ. ಗಂಡ ಸುಳ್ಳು ಹೇಳಿದ, ಸರಿ. ಹಟ್ಟಿಯವರು ಯಾಕೆ ಹೇಳಿದರು? ಕಾವಲು ಹೋದರೆ ಮೊದಲು ಬೀದಿಗೆ ಬೀಳುವುದು ಅವರ ಕುರಿ. ಅದು ಹುಲ್ಲಿನ ಜಮೀನೆಂದು ಅವರು ಎಷ್ಟು ಸಲ ಅರ್ಜಿ ಕೊಟ್ಟರೂ, ಕಾಗದದಲ್ಲಿ ಪಾಳು ಎಂದಿದೆಯೆಂದು ಕಚೇರಿಯವರು ವಾಪಸು ಕಳಿಸಿದ್ದರು. ಕಾವಲನ್ನು ಉಳಿಸುವ ಶಕ್ತಿ ಇದ್ದದ್ದು ಆ ಒಂದು ತೋಳದ ಬಿಲಕ್ಕೆ ಮಾತ್ರ. ಅದನ್ನೇ ಇಲ್ಲ ಎಂದರೆ?

ಮಾರನೆಯ ದಿನ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸು ಹತ್ತಿದಳು. ಕಿಟಕಿಗೆ ತಲೆ ಆನಿಸಿದಾಗ ಇನ್ನೊಂದು ವಿಷಯ ತಾನಾಗಿ ಹೊಳೆಯಿತು. ಕಾವಲಿಗೆ ಹೋಗುವ ದಾರಿ ಇದು. ಅವನು ಯಾವಾಗಲೂ ಹೋಗುತ್ತಿದ್ದುದೂ ಇದೇ ದಾರಿ. ಅವನ ಹೆಣ ಸಿಕ್ಕಿದ್ದು ಐಮಂಗಲದಲ್ಲಿ, ಹಿರಿಯೂರಿನ ದಾರಿಯಲ್ಲಿ. ತೋಳ ನೋಡಲು ಹೊರಟವನು ಅಲ್ಲಿಗೇಕೆ ಹೋದ ಎಂದು ಬ್ಯಾನರ್ ಬರೆಸಿದವರು ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಮತ್ತೋಡಿನಲ್ಲಿ ಇಳಿದು ನಡೆದಳು. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಬಂದ್ರೆಯ ಕುರುಚಲು ಗಿಡಗಳು ಮುಗಿದು ಕಾವಲು ಶುರುವಾಗುವ ಕಡೆ ಹುಲ್ಲು ಮಾಗಿ ಕೆಂಪಾಗಿತ್ತು. ಅಭ್ಯಾಸಬಲದಿಂದ ಬಗ್ಗಿ ಒಂದು ತೆನೆ ಎಳೆದು ಬೆರಳಲ್ಲಿ ಹೊಸಕಿದಳು. ಬೀಜ ಬಲಿತಿತ್ತು.

"ಯಾರದು? ಹುಲ್ಲಿನ ಮೇಡಮ್ಮನಾ?"

ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಪಕ್ಕ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದ ಉಚ್ಚಂಗಮ್ಮ ಅಲ್ಲಿಂದಲೇ ಗುರುತು ಹಿಡಿದಳು. ಹಟ್ಟಿಯಲ್ಲಿ ಎರ್ರಿಸ್ವಾಮಿ ತೋಳದ ಮೇಷ್ಟ್ರು, ಅನುಸೂಯ ಹುಲ್ಲಿನ ಮೇಡಮ್ಮ. ಸೊಪ್ಪು ಕೈಬಿಟ್ಟು ಓಡಿಬಂದವಳು ಅನುಸೂಯಳ ಎರಡೂ ಮುಂಗೈ ಹಿಡಿದು ನೋಡಿದಳು.

"ಬಳೆ ಯಾಕವ್ವ ತೆಗೆಸಿದ್ರು? ನಮ್ಮ ಹಟ್ಯಾಗೆ ಗಂಡ ಹೋದ್ರೆ ಬಳೆ ತೆಗಿಯಲ್ಲ. ಬಳೆ ಹುಟ್ಟಿದ ಮನೇದು. ಗಂಡ ಏನು ಕೊಡಿಸಿದ್ನಾ, ತಗಂಡು ಹೋಗಾಕೆ?" ಅಂದು, ಅಂದಮೇಲೆ ತಾನೇ ಗೊಳೋ ಎಂದು ಅತ್ತಳು. ಅನುಸೂಯಳೇ ಅವಳ ಬೆನ್ನು ಸವರಬೇಕಾಯಿತು.

ಗಂಡ ಜುಂಜಣ್ಣ ಗುಡಿಸಲಿಂದ ಹೊರಬಂದ. ಹಟ್ಟಿಗೆ ಹಿರಿಯ. "ಬರ್ರವ್ವ, ಕುಂತ್ಕಳ್ರಿ. ಲೇ, ಅತ್ತಿದ್ದು ಸಾಕು, ಚಾ ಕಾಸು ಹೋಗು" ಎಂದು ಹೆಂಡತಿಯನ್ನು ಗದರಿಸಿ, ತಾನು ಎದುರಿನ ಚಪ್ಪಡಿಯ ಮೇಲೆ ಕೂತ.

"ಜುಂಜಣ್ಣ, ಆಷಾಢದಲ್ಲಿ ಇಲ್ಲಿಗೆ ಯಾರಾದ್ರೂ ಬಂದಿದ್ರಾ? ತೋಳ ಅವೇನು ಅಂತ ಕೇಳಾಕೆ?"

ಅವನ ಮುಖ ಅರಳಿತು.

"ಬಂದಿದ್ರು ಕಣವ್ವ! ಜೀಪಿನಾಗೆ, ಕಂಪನಿಯೋರು, ಆಫೀಸಿನೋರು. ಮೇಷ್ಟ್ರೂ ಜತೀಗೇ ಇದ್ರು. ನಮ್ಮ ಪರಿಚಯಾನೇ ಇಲ್ಲದೋರಂಗೆ ನಿಂತಿದ್ರು. ಆಮೇಲೆ ಮೇಷ್ಟ್ರೇ ಮುಂದೆ ಬಂದು, 'ಏನಪ್ಪ ಯಜಮಾನ, ಇಲ್ಲಿ ತೋಳ ಮರಿ ಹಾಕ್ತಾವೇನು?' ಅಂತ ಕೇಳಿದ್ರು. ನನಗೆ ತಟ್ಟನೆ ಹೊಳೀತು. ಓಹೋ, ಮೇಷ್ಟ್ರು ಪರೀಕ್ಷೆ ಮಾಡ್ತಾವ್ರೆ, ಇವರ ಮುಂದೆ ನಾನು ಬಾಯಿ ಬಿಡ್ತೀನೋ ಇಲ್ಲೋ ಅಂತ. ಒಳಗೊಳಗೇ ನಕ್ಕಂಡೆ. 'ತೋಳನಾ ಸಾಮಿ? ನಮ್ಮಪ್ಪನ ಕಾಲದಾಗೂ ಕಂಡಿಲ್ಲ' ಅಂದೆ. ನಮ್ಮ ಹುಡುಗ್ರನ್ನೂ ಕೇಳಿದ್ರು. ಅವೂ ಹಂಗೇ ಅಂದ್ವು. ಒಬ್ಬನೂ ಮಾತು ಬಿಟ್ಟುಕೊಡಲಿಲ್ಲ ನೋಡ್ರಿ."

"ಮೇಷ್ಟ್ರು ಏನಂದ್ರು?"

"ಏನೂ ಅನ್ನಲಿಲ್ಲ. ನೆಲ ನೋಡ್ತಿದ್ರು. ಪಾಸಾದೆ ಅಂದ್ಕಂಡೆ ನಾನು."

ಉಚ್ಚಂಗಮ್ಮ ಮೇಕೆ ಹಾಲಿನ ಚಹಾ ತಂದುಕೊಟ್ಟಳು. ಅನುಸೂಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬಿಸಿ ಕೈಗೆ ತಾಕುತ್ತಿದೆ ಎಂದು ತಿಳಿಯುತ್ತಿತ್ತು; ಸುಡುತ್ತಿದೆ ಎಂದು ಅನಿಸುತ್ತಿರಲಿಲ್ಲ.

ಕಂಪನಿಯವರಿಗೆ ಒಂದು ಸುಳ್ಳು ಬೇಕಾಗಿತ್ತು. ಅದನ್ನು ಹೇಳಲು ಎರ್ರಿಸ್ವಾಮಿ ಸುಳ್ಳರನ್ನು ಹುಡುಕಲಿಲ್ಲ. ಮಾತು ಉಳಿಸಿಕೊಳ್ಳುವವರು ಯಾರೆಂದು ಅವನಿಗೆ ಗೊತ್ತಿತ್ತು. ಅವರ ಹತ್ತಿರ ಬಂದ.

"ಸೋಮವಾರದ ಸಭೇಲಿ ಮತ್ತೆ ಕೇಳ್ತಾರೆ, ಜುಂಜಣ್ಣ. ತೋಳ ಅವೆ ಅಂತ ನೀವು ಹೇಳಿದ್ರೆ, ಬಿಲ ತೋರಿಸಿದ್ರೆ, ಕಾವಲು ಕೊಡಾಕೆ ಆಗಲ್ಲ. ಈಗ ಚಳಿಗಾಲ. ಮರಿ ಹಾಕಿರ್ತಾವೆ."

"ಹಾಕೈತೆ. ಹೆಣ್ಣು ಈಗ ದೂರ ಹೋಗ್ತಿಲ್ಲ, ಗಂಡೇ ತಂದು ಹಾಕ್ತೈತೆ." ಹೇಳಿದವನು ಸರಕ್ಕನೆ ನಾಲಗೆ ಕಚ್ಚಿಕೊಂಡ. "ನಿಮ್ಮ ಹತ್ರ ಅಂದೆ. ಹೊರಗೆ ಅನ್ನಂಗಿಲ್ಲ."

"ಅವರು ಸತ್ತು ಹೋದ್ರಲ್ಲ ಜುಂಜಣ್ಣ."

"ಅದಕ್ಕೇ ಅವ್ವ. ಬದುಕಿದ್ದಿದ್ರೆ ಹೋಗಿ ಕಾಲು ಹಿಡಿದು, ಮಾತು ಬಿಟ್ಟುಕೊಡ್ರಿ ಅಂತ ಕೇಳಬೋದಿತ್ತು. ಸತ್ತೋರನ್ನ ಎಲ್ಲಿ ಕೇಳಾಣ? ಹುಲ್ಲು ಹೋಗ್ತೈತೆ ಅಂತ ನನಗೆ ಗೊತ್ತಿಲ್ವಾ? ಮಕ್ಕಳು ದಿನಾ ಜಗಳ ಆಡ್ತಾವೆ. ಆದ್ರೆ ಕಂಬಳಿ ಮುಟ್ಟಿ ಆಡಿದ ಮಾತು."

ಆಗ ಉಚ್ಚಂಗಮ್ಮ ಬಿಡಿಸಿ ಹೇಳಿದಳು. ಬಿಲಕ್ಕೆ ಹೊಗೆ ಹಾಕಿದ ವರ್ಷ ಮೇಷ್ಟ್ರು ಹಟ್ಟಿಗೆ ಬಂದು, ಇನ್ನುಮೇಲೆ ಆ ಜಾಗವನ್ನು ನೀವೂ ಹೇಳಬಾರದು, ನಾನೂ ಹೇಳುವುದಿಲ್ಲ, ಅದಕ್ಕೆ ಕೇಡು ಬರಗೊಡುವುದಿಲ್ಲ ಅಂದರು. ದೇವರ ಗುಡಿಸಲಿನ ಮುಂದೆ ಕರಿ ಕಂಬಳಿ ಹಾಸಿ, ಅವರೂ ಕೈಯಿಟ್ಟರು, ಹಟ್ಟಿಯವರೂ ಇಟ್ಟರು. ಆಮೇಲೆ ಅದೇ ಕಂಬಳಿಯನ್ನು ಮೇಷ್ಟ್ರು ಇಸಕೊಂಡು ಹೋದರು. ಕುರಿ ವಾಸನೆ ಹತ್ತಿದ ಕಂಬಳಿ ಹೊದ್ದು ಕೂತರೆ ತೋಳ ಬೆದರುವುದಿಲ್ಲ, ಚಳಿಗಾಲದಲ್ಲಿ ಬಿಲ ಕಾಯಲು ಬೇಕು ಅಂತ.

"ನಮ್ಮಲ್ಲಿ ಹಂಗೇ ಕಣವ್ವ. ಮಾತಾಡಿದ ಕಂಬಳಿ ಯಾರ ತಾವ ಇರ್ತೈತೋ, ಮಾತು ಅವರ ತಾವ. ಕಂಬಳಿ ತಿರುಗಿ ಬರಾಗಂಟ ನಾವು ಕಟ್ಟುಬಿದ್ದಂಗೆ."

"ತಿರುಗಿ ಬಂದ್ರೆ?"

"ಬಂದ್ರೆ ಮಾತೂ ಬಂದಂಗೆ. ಆಮೇಲೆ ನಮ್ಮ ಬಾಯಿ ನಮ್ಮದು." ಉಚ್ಚಂಗಮ್ಮ ಅವಳನ್ನು ದಿಟ್ಟಿಸಿದಳು. "ಯಾಕವ್ವ, ನಿಮ್ಮನ್ಯಾಗೆ ಇಲ್ವಾ?"

ಮನೆಯಲ್ಲಿ ಇರಲಿಲ್ಲ. ಆದರೆ ಎಲ್ಲಿದೆಯೆಂದು ಅನುಸೂಯಳಿಗೆ ಗೊತ್ತಿತ್ತು. ಹೊರಡುವ ಮುಂಚೆ ಅವರಿಗೆ ನಿಜ ಹೇಳಬೇಕೆಂದು ಬಾಯಿ ತೆರೆದಳು. ಜುಂಜಣ್ಣ ಆಗ, "ಅಂಥ ಮನುಷ್ಯ ಈ ಕಡೆ ಇನ್ನು ಬರಲ್ಲ ಬಿಡ್ರಿ" ಎಂದು ಕಣ್ಣೊರೆಸಿಕೊಂಡ. ಅವಳು ಬಾಯಿ ಮುಚ್ಚಿಕೊಂಡಳು.

ಶನಿವಾರ ಕಾಲೇಜಿಗೆ ಹೋದಳು. ವಿಭಾಗದ ಮ್ಯೂಸಿಯಮ್ಮಿನ ಬೀಗವನ್ನು ಅಟೆಂಡರ್ ರಹಮತ್ ಉಲ್ಲಾ ತೆಗೆದುಕೊಟ್ಟ. "ಬರ್ರಿ ಅಮ್ಮ" ಎಂದು ಎರಡೆರಡು ಸಲ ಅಂದು, ಟ್ಯೂಬ್‌ಲೈಟ್ ಹಾಕಿ, ಹೊರಗೆ ನಿಂತ.

ಫಾರ್ಮಲಿನ್ ಬಾಟಲಿಗಳಲ್ಲಿ ಹಾವು, ಕಪ್ಪೆ. ಗೋಡೆಗೆ ಒತ್ತಿ ನಿಲ್ಲಿಸಿದ ಗಾಜಿನ ಕಪಾಟಿನಲ್ಲಿ ಒಂದು ತೋಳದ ತಲೆಬುರುಡೆ, ಅದರ ಕೆಳಗೆ ಮಡಿಸಿಟ್ಟ ಕರಿ ಕಂಬಳಿ. ಪಕ್ಕದಲ್ಲಿ ಅಂದದ ಅಕ್ಷರದ ಚೀಟಿ: ಕ್ಷೇತ್ರಕಾರ್ಯದಲ್ಲಿ ಬಳಸಿದ ಕಂಬಳಿ. ಯಾರದೆಂದು ಬರೆದಿರಲಿಲ್ಲ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಎರ್ರಿಸ್ವಾಮಿ ಇದನ್ನು ಹೊದ್ದು ಮೇಜಿನ ಹಿಂದೆ ಬಗ್ಗಿ ಕೂತು, ತೋಳ ಕಾಯುವುದು ಹೇಗೆಂದು ತೋರಿಸುತ್ತಿದ್ದ. ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ವರ್ಷ ಅವಳೂ ಹಿಂದಿನ ಬೆಂಚಿನಲ್ಲಿ ಕೂತು ಹೊಡೆದಿದ್ದಳು.

ಕಪಾಟು ತೆಗೆದು ಕಂಬಳಿ ಎತ್ತಿಕೊಂಡಳು. ಮಡಿಕೆಯಿಂದ ನುಸಿಗುಳಿಗೆಗಳು ಉದುರಿ ನೆಲದ ಮೇಲೆ ಉರುಳಿದವು.

"ಏನಮ್ಮ ಅದು?" ಓಬಳೇಶಪ್ಪ ಬಾಗಿಲಲ್ಲಿದ್ದರು. "ನೆನಪಿಗೆ ಅಂತಾನಾ? ನಿನಗೆ ಬೇಕು ಅಂದ್ರೆ ನಾನು ಬೇಡ ಅನ್ನಲ್ಲ. ಆದ್ರೆ ಅದನ್ನ ಹೊಸ ಕೇಂದ್ರದ ಬಾಗಿಲಲ್ಲೇ ಇಡಾಣ ಅಂತಿದ್ವಿ."

"ಇದು ಹಟ್ಟಿಯೋರದು ಸರ್. ಇಸಕೊಂಡು ಬಂದಿದ್ದು. ವಾಪಸ್ ಕೊಡ್ತೀನಿ."

"ಈಗಲೇ ಏನವಸರ? ಸಭೆ ಮುಗೀಲಿ."

"ಸಭೆಗೆ ಮುಂಚೆನೇ ಕೊಡಬೇಕು." ಅವಳು ಕಂಬಳಿಯನ್ನು ಎದೆಗವಚಿಕೊಂಡು, ತರಗತಿಯಲ್ಲಿ ಹೇಳುವ ಹಾಗೆ, ತೋಳ ಯಾವಾಗ ಮರಿ ಹಾಕುತ್ತದೆ, ಯಾವಾಗ ಬಿಲ ಬಿಡುತ್ತದೆ, ಕಂಬಳಿ ತಿರುಗಿ ಸಿಕ್ಕರೆ ಹಟ್ಟಿಯವರು ಯಾಕೆ ಬಾಯಿ ಬಿಡಬಹುದು ಎಂದು ಹೇಳಿದಳು. ಆಷಾಢ ಎಂಬ ಪದ ಬಂದಾಗ ಅವರ ಮುಖ ನೋಡಿದಳು. ಪಾಚಿಯ ಮೇಲೆ ಪಿಎಚ್.ಡಿ. ಮಾಡಿದವರಾದರೂ ಅವರು ದಡ್ಡರಲ್ಲ.

ಓಬಳೇಶಪ್ಪ ಬಾಗಿಲು ಮುಂದೆ ಮಾಡಿದರು.

"ಇದನ್ನ ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಹಂಗಾದ್ರೆ ಕೇಳು. ಅವನು ಈಗ ಎಲ್ಲರ ಬಾಯಲ್ಲೂ ದೊಡ್ಡ ವಿಜ್ಞಾನಿ. ತೋಳಕ್ಕೋಸ್ಕರ ಪ್ರಾಣ ಬಿಟ್ಟೋನು."

"ಅವತ್ತು ಅವರು ಹೊರಟಿದ್ದು ಎಲ್ಲಿಗೆ ಸರ್?"

ಅವರು ಕಿಟಕಿಯ ಕಡೆ ತಿರುಗಿದರು. "ಹಿರಿಯೂರಿಗೆ. ಕಂಪನಿಯೋರ ಆಫೀಸಿಗೆ. ಬೆಳಿಗ್ಗೆ ಬೇಗ ಬಾ ಅಂದಿದ್ರು."

ಬಸ್ಸಿನಲ್ಲೇ ಗೊತ್ತಾಗಿದ್ದ ವಿಷಯ. ಆದರೂ ಇನ್ನೊಬ್ಬರ ಬಾಯಿಂದ ಕೇಳಿದಾಗ, ಆ ಬೆಳಿಗ್ಗೆ ತಾನು ತುಂಬಿಸಿಕೊಟ್ಟ ಫ್ಲಾಸ್ಕು ನೆನಪಾಯಿತು. ಕಾವಲಲ್ಲಿ ಚಳಿ ಇರ್ತದೆ, ಶುಂಠಿ ಜಾಸ್ತಿ ಹಾಕು ಅಂದಿದ್ದ.

"ಅವನು ಕೆಟ್ಟೋನಲ್ಲ, ಅನುಸೂಯ," ಓಬಳೇಶಪ್ಪ ದನಿ ಇಳಿಸಿದರು. "ಕಲಿಸೋದರಲ್ಲಿ ಅವನಂಥೋನು ನಮ್ಮಲ್ಲಿ ಇರಲಿಲ್ಲ. ಕೂರಾಕೆ ಒಂದು ಲ್ಯಾಬ್ ಇಲ್ಲ, ಹುಡುಗರಿಗೆ ಒಂದು ಮೈಕ್ರೋಸ್ಕೋಪ್ ಇಲ್ಲ, ಅದೇ ಕೊರಗು ಅವನಿಗೆ. ಕೇಂದ್ರ ಬಂದ್ರೆ ನಿನ್ನ ಪಿಎಚ್.ಡಿ. ಅಲ್ಲೇ ಮುಗಿಸಬೋದು ಅಂತಿದ್ದ. ನಿನಗೋಸ್ಕರಾನೂ ಮಾಡಿದ ಅಂತ ತಿಳ್ಕೋ."

"ಯಾವುದರ ಮೇಲೆ ಮುಗಿಸಲಿ ಸರ್? ನನ್ನ ಹುಲ್ಲು ಇರೋದು ಆ ಕಾವಲಲ್ಲಿ."

ಅವರು ಕಾಲಬಳಿಯ ನುಸಿಗುಳಿಗೆಯೊಂದನ್ನು ಬದಿಗೆ ಸರಿಸಿ, "ಹಟ್ಟಿಯೋರು ಉಲ್ಟಾ ಹೇಳಿದ್ರೆ ಅವನ ಡಾಕ್ಟರೇಟೂ ಪ್ರಶ್ನೆಗೆ ಬರ್ತದೆ. ನಿನ್ನ ಕ್ಲಾಸಿನ ಮಾತು ನಾನು ಎತ್ತಾಕೂ ಆಗಲ್ಲ. ಯೋಚನೆ ಮಾಡು" ಅಂದರು. ಬೆದರಿಸುವ ದನಿಯಲ್ಲ, ಬೇಸರದ ದನಿ.

ಅವಳು ಬಾಗಿಲು ತೆಗೆದಳು. ಹೊರಗಿದ್ದ ರಹಮತ್ ಉಲ್ಲಾ ಕಂಬಳಿ ನೋಡಿದ, ಸಾಹೇಬರ ಮುಖ ನೋಡಿದ, ಏನೂ ಕೇಳದೆ ಗೇಟಿನವರೆಗೂ ಜೊತೆಗೆ ಬಂದು ಆಟೋ ನಿಲ್ಲಿಸಿಕೊಟ್ಟ.

ಭಾನುವಾರ ಮತ್ತೆ ಅದೇ ಬಸ್ಸು. ಕಂಬಳಿ ತೊಡೆಯ ಮೇಲಿತ್ತು. ಹೊಳಲ್ಕೆರೆಯಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು ಅದರ ಮೂಲೆ ಮುಟ್ಟಿ ನೋಡಿ, "ಕೈ ಮಗ್ಗದ್ದು ಕಣಮ್ಮ. ಮಾರ್ತೀರಾ?" ಎಂದಳು. ಅನುಸೂಯ ಇಲ್ಲವೆಂದು ತಲೆಯಾಡಿಸಿದಳು.

ದಾರಿಯುದ್ದಕ್ಕೂ ಒಂದು ಮಾತು ಜೋಡಿಸುತ್ತಿದ್ದಳು. ಸಾಯುವ ಹಿಂದಿನ ದಿನ ಅವರೇ ಹೇಳಿದ್ದರು, ಕಂಬಳಿ ವಾಪಸು ಕೊಟ್ಟುಬಿಡು ಅಂತ. ಇಷ್ಟು ಅಂದರೆ ಸಾಕಿತ್ತು. ಹಟ್ಟಿಯವರ ಕಟ್ಟು ಬಿಚ್ಚುತ್ತದೆ, ಬಿಲ ತೋರಿಸುತ್ತಾರೆ, ಕಾವಲು ಉಳಿಯುತ್ತದೆ. ತೋಳದ ಮೇಷ್ಟ್ರು ತೋಳದ ಮೇಷ್ಟ್ರಾಗಿಯೇ ಉಳಿಯುತ್ತಾನೆ. ಯಾರಿಗೂ ನೋವಿಲ್ಲ. ಎಷ್ಟು ಸುಲಭವಾಗಿ ಜೋಡಿಸಲು ಬಂತೆಂದರೆ, ಅವನಿಗೂ ಹೀಗೇ ಸುಲಭವಾಗಿ ಬಂದಿರಬೇಕು ಎನಿಸಿತು.

ಹಟ್ಟಿಯಲ್ಲಿ ಅವಳ ಕೈಯಲ್ಲಿದ್ದುದನ್ನು ದೂರದಿಂದಲೇ ನೋಡಿದವರು ಒಬ್ಬೊಬ್ಬರಾಗಿ ಬಂದು ನಿಂತರು. ಜುಂಜಣ್ಣ ಕೈಕಾಲು ತೊಳೆದುಕೊಂಡು, ತಲೆಗೆ ರುಮಾಲು ಸುತ್ತಿ, ದೇವರ ಗುಡಿಸಲಿನ ಮುಂದೆ ಬಂದ.

"ಯಾರು ಕೊಟ್ಟು ಕಳಿಸಿದ್ರವ್ವ?" ಕೇಳಲೇಬೇಕಾದ ಮಾತಿನಂತೆ ಕೇಳಿದ. "ಮೇಷ್ಟ್ರು ಹೇಳಿದ್ರಾ?"

ಜೋಡಿಸಿಕೊಂಡು ಬಂದ ಮಾತು ನಾಲಗೆಯ ತುದಿಯಲ್ಲಿತ್ತು.

"ಇಲ್ಲ. ಅವರು ಹೇಳಲಿಲ್ಲ. ನಾನೇ ತಂದೆ," ಅನುಸೂಯ ಅಂದಳು. "ತೋಳ ಇಲ್ಲ ಅಂತ ಬರೆದುಕೊಟ್ಟೋರು ಅವರೇ, ಜುಂಜಣ್ಣ. ಬಿಲ ಖಾಲಿ ಇರೋ ಕಾಲ ನೋಡಿ ಜೀಪು ಕರ್ಕೊಂಡು ಬಂದ್ರು. ಅವತ್ತು ನಿಮ್ಮನ್ನ ಕೇಳಿದ್ದು ಪರೀಕ್ಷೆ ಅಲ್ಲ. ನೀವು ಇಲ್ಲ ಅಂತೀರಿ ಅಂತ ಗೊತ್ತಿದ್ದೇ ಕೇಳಿದ್ದು."

ರೊಪ್ಪದಲ್ಲಿ ಒಂದು ಮರಿ ಕೂಗಿತು, ಇನ್ನೊಂದು ಓಗೊಟ್ಟಿತು. ಗುಂಪಿನಿಂದ ಒಬ್ಬ ಹರೆಯದವನು, "ನಾನು ಅವತ್ತೇ ಅಂದಿರ್ಲಿಲ್ವಾ" ಎಂದು ಶುರುಮಾಡಿದವನು ಜುಂಜಣ್ಣನ ಮುಖ ಕಂಡು ನಿಲ್ಲಿಸಿದ.

"ನಾನು ನಕ್ಕಂಡಿದ್ದೆನಲ್ಲವ್ವ," ಜುಂಜಣ್ಣ ಅಂದ. "ಒಳಗೊಳಗೇ ನಕ್ಕಂಡಿದ್ದೆ."

ಅನುಸೂಯ ಎರಡೂ ಕೈಯಲ್ಲಿ ಕಂಬಳಿ ಚಾಚಿದಳು. ಅವನು ಅದನ್ನೇ ನೋಡುತ್ತ ನಿಂತ. ಮುಂದೆ ಬಂದದ್ದು ಉಚ್ಚಂಗಮ್ಮ. ಬಗ್ಗಿ ಕಂಬಳಿಯನ್ನು ಮೂಸಿ ಮುಖ ಹಿಂಡಿದಳು.

"ಥೂ, ಎಂಥದ್ದೋ ಔಷಧಿ ನಾತ. ಒಂದು ರಾತ್ರಿ ಕುರಿ ನಡುವೆ ಹಾಸಿದ್ರೆ ಹೋಗ್ತೈತೆ." ಆಮೇಲೆ ಗಂಡನ ಕಡೆ ತಿರುಗಿದಳು. "ಇಸ್ಕಳಯ್ಯ. ಆಯಮ್ಮ ಎಷ್ಟೊತ್ತು ಹಂಗೇ ಕೈ ಚಾಚ್ಕಂಡು ನಿಂತಿರ್ಬೇಕು? ನಾಳೆ ಬೆಳಗಾದ್ರೆ ಸಭೆ ಐತೆ."

ಜುಂಜಣ್ಣ ಕಂಬಳಿಯನ್ನು ತೆಗೆದುಕೊಂಡ.